ಅಪ್‌ಡೇಟ್: ಮಾಳಗಿ ಮ್ಯಾಲಿನ ಡೆಕ್‌ಗೆ ಕಡೀಕ ಯಾವ ಹಲಗಿ ತಗೊಂಡೆ

ಧಾರವಾಡದಾಗ ಮನಿ ಟೆರೇಸಿಗೆ ಡೆಕ್ (ಹಲಗಿ ನೆಲ) ಮಾಡಸಬೇಕು, ಸಾಗವಾನಿ ಹಾಕಸ್ಲೋ ಡಬ್ಲ್ಯುಪಿಸಿ ಹಾಕಸ್ಲೋ ಅಂತ ಬ್ಯಾಸಗ್ಯಾಗ ಕೇಳಿದ್ದೆ. ಹಲಗಿ ಕೂತಾವ, ಮಳಿಗಾಲನೂ ಮುಗೀತು.

ಸಾಗವಾನಿ ಬಿಟ್ಟೆ. ರೇಟು ಒಂದ್ಕಡೆ ಇರ್ಲಿ, ವರ್ಷಾ ಎಣ್ಣಿ ಹಚ್ಚಕೋತ ಕೂಡೋರು ಯಾರ್ರೀ?

ಡಬ್ಲ್ಯುಪಿಸಿ ಅಂದ್ರ ಕಟಗಿ ಪುಡಿಗೆ ಪ್ಲಾಸ್ಟಿಕ್ ಕೂಡಿಸಿ ಮಾಡಿದ್ದು. ಮೈಮ್ಯಾಲೆ ಪ್ಲಾಸ್ಟಿಕ್ ಪದರ ಇರೋ ಕ್ಯಾಪ್ಡ್ ಒಂದು ನಮೂನಿ, ಪದರ ಇಲ್ಲದ್ದು ಇನ್ನೊಂದು. ಎರಡರದೂ ತುಂಡು ತಂದು ಬಿಸಲಿಗೆ ಒಗದಿದ್ದೆ. ಅವ್ವ ಬೇಕಂತನ ಒಗ್ಗರಣಿ ಎಣ್ಣಿ ಚೆಲ್ಲಿ ನೋಡಿದ್ಲು. ಪದರ ಇಲ್ಲದ್ದಕ್ಕ ಕಲಿ ಉಳೀತು, ಬಣ್ಣನೂ ಮಾಸ್ತು. ಕ್ಯಾಪ್ಡ್ ಒರಸಿದ್ರ ಹೋತು. ಅದನ್ನ ತಗೊಂಡೆ.

ಎಡವಿದ್ದು ಬಣ್ಣದಾಗ. ಕಡು ಕಾಫಿ ಬಣ್ಣ ಆರಿಸಿದ್ದಕ್ಕ ಮಧ್ಯಾಹ್ನ ಬರಿಗಾಲಿಲೆ ನಿಲ್ಲಾಕ ಆಗೂದಿಲ್ಲ. ತಿಳಿ ಬಣ್ಣ ತಗೋಬೇಕಿತ್ತು. ಬಿಸಲಿಗೆ ಹಲಗಿ ಹಿಗ್ಗತಾವ ಬ್ಯಾರೆ. ಸಂದಿಲ್ಲದ ಜೋಡಿಸಿದ್ರ ಚಂದ ಕಾಣ್ತದ ಅಂತ ಬಡಿಗ್ಯಾರ ಹಟ. ನಾ ಬಿಡಲಿಲ್ಲ, ತುದಿಗೆ 5 ಮಿ.ಮೀ. ಬಿಡಿಸಿದೆ. ಹಲಗಿ ಕೆಳಗ ಆಧಾರಕ್ಕಿರೋ ಪೈಪು 12 ಇಂಚಿಗೊಂದು, ನೀರು ನಿಲ್ಲಬಾರದಂತ ಇಳಿಜಾರು ಗುಂಟ.

ಸಂದ್ಯಾಗ ಬಿದ್ದ ಶೇಂಗಾ ಸಿಪ್ಪಿ ತಗಿಯೋ ಉಪಾಯ ಯಾರಿಗರ ಗೊತ್ತಿದ್ರ ಹೇಳ್ರಿ.