ಕಲ್ಲಿನ ಮ್ಯಾಲ ಜರಿಗಿಡದ ಅಚ್ಚು, ವಿನಿಗರ್ ಹಾಕಿದ್ರೂ ನೊರಿ ಬರವಲ್ದು

ಕರಿಮಣ್ಣು: ಅಂಗೈ ಅಗಲದ ಬೂದಿಬಣ್ಣದ ಕಲ್ಲು. ಮ್ಯಾಲ ಕರ್ರಗ ಜರಿಗಿಡದಂಥ ಅಚ್ಚು, ಟೊಂಗಿಗೆ ಟೊಂಗಿ ಒಡದು ಸೂಜಿಲೆ ಬಿಡಿಸಿದಂಗ ಅದ. ಪಳೆಯುಳಿಕೆ ಇದ್ರ ವಿನಿಗರ್‌ಗೆ ನೊರಿ ಬರ್ತದ ಅಂತಾರ. ಮೂರು ಸಲ ಹಾಕೀನಿ, ಅಚ್ಚಿನ ಮ್ಯಾಲ ಒಂದು ಗುಳ್ಳಿನೂ ಇಲ್ಲ. ತಲಿ ಕೆಟ್ಟದ. ಏನಿದು ಹೇಳ್ರಿ.

ಸುತ್ತಿಗೆ: ಎಲ್ಲಿ ಸಿಕ್ತು? ಫೋಟೋದಲ್ಲಿ ಅಳತೆಗೆ ಒಂದು ನಾಣ್ಯನೂ ಇಲ್ಲ. ನೊರೆ ಹೇಳೋದು ಕಲ್ಲು ಸುಣ್ಣದ್ದಾ ಅಂತ, ಪಳೆಯುಳಿಕೆನಾ ಅಂತಲ್ಲ. ಡೋಲಮೈಟ್ (ಮೆಗ್ನೀಸಿಯಂ ಬೆರೆತ ಸುಣ್ಣದ ಕಲ್ಲು) ಇರಬೇಕು, ಅದು ಇಡಿಯಾಗಿದ್ದಾಗ ನೊರೆ ಬಿಡಲ್ಲ. ಮೊಳೆಯಿಂದ ಕೆರೆದು ಪುಡಿ ಮೇಲೆ ಹಾಕಿ.

ಗೊಂಡ್ವಾನ: ಕಪ್ಪು ಅಚ್ಚು ಅಂದ್ರೆ ಇಂಗಾಲ. ಗ್ಲಾಸಾಪ್ಟೆರಿಸ್ (ಅಳಿದುಹೋದ ಹಳೇ ಕಾಲದ ಗಿಡ) ಥರ ಇದೆ.

ಪದರ: ಗ್ಲಾಸಾಪ್ಟೆರಿಸ್ ಎಲೆ ನಾಲಿಗೆ ಆಕಾರ, ನಡುವೆ ದಪ್ಪ ನರ. ಇಲ್ಲಿ ನರ ಎಲ್ಲಿದೆ?

ಸುತ್ತಿಗೆ: ಮೊದಲು ಆಸಿಡ್ ಪರೀಕ್ಷೆ ಮುಗೀಲಿ. ವಿನಿಗರ್‌ನಲ್ಲಿ ಆಮ್ಲ 4–5% ಅಷ್ಟೇ. 36% ಹೈಡ್ರೋಕ್ಲೋರಿಕ್ ಆಸಿಡ್ ಒಂದು ಪಾಲು, ನೀರು ಮೂರು ಪಾಲು. ನೀರಿಗೆ ಆಸಿಡ್ ಹಾಕಿ, ಆಸಿಡ್‌ಗೆ ನೀರು ಹಾಕಬೇಡಿ. ಕೈಗವಸು, ಕನ್ನಡಕ ಇರಲಿ.

ಬೆಣಚು: ಬಚ್ಚಲು ತೊಳೆಯೋ ಹಳದಿ ಆಸಿಡ್ ಮಾತ್ರ ತರಬೇಡಿ. ಅದರಲ್ಲಿ ಕಬ್ಬಿಣ ಇರುತ್ತೆ, ಕಲ್ಲಿಗೆ ಕಲೆ ಕೂರುತ್ತೆ.

ಸುತ್ತಿಗೆ: ಒಂದು ಹನಿಗೆ ಏನೂ ಆಗಲ್ಲ. ನೊರೆ ನೋಡೋಕೆ ಅದೇ ಸಾಕು.

ಬೆಣಚು: ಮಾದರಿ ಉಳಿಸ್ಕೋಬೇಕು ಅನ್ನೋರಿಗೆ ಸಾಕಾಗಲ್ಲ.

ಕರಿಮಣ್ಣು: ಸೇಡಂ ಕಡೆ ನೆಲಕ್ಕ ಹಾಸೋ ಫರಸಿ ಕಲ್ಲಿನ ಗಣಿ ರಾಶ್ಯಾಗ ಸಿಕ್ಕಿದ್ದು. ಫೋಟೋ ನೋಡಿದ್ರನ ಫರಸಿ ಅಂತ ಗೊತ್ತಾಗ್ತದ ಅನಕೊಂಡಿದ್ದೆ. ಬರೀ ಕಲ್ಲಿಗೆ ಸಣ್ಣಗ ನೊರಿ ಬರ್ತದ, ಕರೀ ಅಚ್ಚಿಗೆ ಇಲ್ಲ.

ಪದರ: ಇದನ್ನ ಮೊದಲೇ ಹೇಳಿದ್ರೆ ಇಷ್ಟು ಸುತ್ತಾಟ ಬೇಕಿರಲಿಲ್ಲ. ಅದು ಭೀಮಾ ಕಣಿವೆಯ ಸುಣ್ಣಕಲ್ಲು, ಪ್ರೋಟೆರೋಜೋಯಿಕ್ ಕಾಲದ್ದು. ಆ ಕಾಲ ಮುಗಿದು ಸುಮಾರು 54 ಕೋಟಿ ವರ್ಷ ಆಯ್ತು. ನೆಲದ ಮೇಲೆ ಗಿಡ ಬಂದಿದ್ದು ಸುಮಾರು 47 ಕೋಟಿ ವರ್ಷದ ಹಿಂದೆ, ಜರಿಗಿಡ ಅದಕ್ಕೂ ಎಷ್ಟೋ ಈಚೆಗೆ. ನಿಮ್ಮದು ಡೆಂಡ್ರೈಟ್. ಮ್ಯಾಂಗನೀಸ್ ಕರಗಿದ ನೀರು ಕಲ್ಲಿನ ಸೀಳಿಗೆ ಇಳಿದು, ಆಕ್ಸೈಡ್ ಹೀಗೆ ಕವಲೊಡೆದು ಕೂತಿದೆ.

ಖಾತ್ರಿಗೆ 10 ಪಟ್ಟಿನ ಲೂಪ್ (ಸಣ್ಣ ಭೂತಗನ್ನಡಿ) ಹಿಡಿದು ನೋಡಿ. ಕವಲಿಗೆ ನರ ಇರಲ್ಲ, ಬಹಳ ಸಲ ಬುಡ ಸೀಳಿನ ಅಂಚಿಂದಲೇ ಹೊರಡುತ್ತೆ. ಪದರವನ್ನ ಅಡ್ಡಕ್ಕೆ ಸೀಳಿದ ಮುಖದಲ್ಲೂ ಅದೇ ಚಿತ್ರ ಕಂಡರೆ ಎಲೆ ಅನ್ನೋ ಮಾತೇ ಇಲ್ಲ. ಆಮೇಲೆ ಮೆಡಿಕಲ್ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಹನಿ ಕಪ್ಪಿನ ಮೇಲೆ, ಇನ್ನೊಂದು ಪಕ್ಕದ ಬರೀ ಕಲ್ಲಿನ ಮೇಲೆ. ಮ್ಯಾಂಗನೀಸ್ ಆಕ್ಸೈಡ್ ಇದ್ರೆ ಕಪ್ಪಿನ ಮೇಲೆ ಜೋರಾಗಿ ಗುಳ್ಳೆ ಏಳುತ್ತೆ. ಬರೀ ಕಲ್ಲಿನ ಹನಿಯನ್ನೂ ತಪ್ಪದೆ ಹಾಕಿ ಹೋಲಿಸಿ, ದ್ರಾವಣದಲ್ಲಿರೋ ಚೂರು ಆಮ್ಲಕ್ಕೆ ಸುಣ್ಣಕಲ್ಲೇ ಒಂದೆರಡು ಗುಳ್ಳೆ ಬಿಡಬಹುದು. ವಿನಿಗರ್ ಹಾಕಿದ ಜಾಗ ಮೊದಲು ತೊಳೆದು ಒಣಗಿಸಿ.

ಬೆಣಚು: ಲೂಪ್ ಟ್ರಿಪ್ಲೆಟ್ (ಮೂರು ಮಸೂರ ಸೇರಿಸಿದ್ದು) ಇರಲಿ. ನನ್ನ 20 ಪಟ್ಟಿನದರಲ್ಲಿ ಅಂಚಲ್ಲೂ ಬಣ್ಣ ಒಡೆಯಲ್ಲ.

ಸುತ್ತಿಗೆ: 20 ಪಟ್ಟಿನದು ಗಣಿಯಲ್ಲಿ ಕೈ ಅಲುಗಿದ್ರೆ ಏನೂ ತೋರಿಸಲ್ಲ. 10 ಸಾಕು.

ಕರಿಮಣ್ಣು: ಪೆರಾಕ್ಸೈಡ್ ಹಾಕಿದೆ. ಕರೀ ಗೆರಿ ಹಿಡದು ಟೊಂಗಿ ಟೊಂಗಿಗೂ ಗುಳ್ಳಿ ಎದ್ದು, ಅಚ್ಚು ಪೂರಾ ನೊರಿಲೆ ಬೆಳ್ಳಗಾತು. ಬರೀ ಕಲ್ಲಿಗೆ ಏನೂ ಇಲ್ಲ. ಬುಡ ಸೀಳಿನ ಅಂಚಿಗೇ ಅದ ರೀ.

ಮಲಪ್ರಭಾ: ಲೋಕಾಪುರ ಹತ್ರ ನನಗೊಂದು ಸಿಕ್ಕೈತಿ, ಉಳ್ಳಾಗಡ್ಡಿ ಹೆಚ್ಚಿದಂಗ ಪದರು. ಇದೂ ಡೆಂಡ್ರೈಟ ಏನ್ರಿ?

ಪದರ: ಅಲ್ಲ. ಲೋಕಾಪುರದ ಡೋಲಮೈಟ್‌ನಲ್ಲಿ ಸ್ಟ್ರೊಮಟೊಲೈಟ್ (ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಕಲ್ಲು) ಸಿಗುತ್ತೆ, ಅದು ನಿಜವಾದ ಪಳೆಯುಳಿಕೆ. ಆದರೆ ಮರಳುಗಲ್ಲಲ್ಲಿ ಕಬ್ಬಿಣದ ತುಕ್ಕೂ ಉಂಗುರ ಕಟ್ಟುತ್ತೆ. ಯಾವ ಕಲ್ಲು ಅಂತ ತಿಳಿಯೋಕೆ ಕೆರೆದು ಪುಡಿಗೆ ಆಸಿಡ್ ಹಾಕಿ, ಡೋಲಮೈಟ್ ಆದ್ರೆ ನೊರೆ ಬರುತ್ತೆ. ಬಂಡೆಯಲ್ಲಿ ಇದ್ದಾಗ ಪದರು ಗುಮ್ಮಟದ ಹಾಗೆ ಮೇಲಕ್ಕೆ ಉಬ್ಬಿತ್ತಾ? ನಾಣ್ಯ ಇಟ್ಟು, ಪಕ್ಕದಿಂದ ಒಂದು ಫೋಟೋ ಹಾಕಿ.