ಪದಚರ್ಚೆ: ‘ಎನರ್ಜಿ ಟ್ರಾನ್ಸಿಷನ್’ಗೆ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ,

ಒಂದು ವಸ್ತುಪ್ರದರ್ಶನಕ್ಕೆ ಭಾರತದ ಸೋಲಾರ್ ವಿದ್ಯುತ್ತಿನ ಬಗ್ಗೆ ದೊಡ್ಡ ಫಲಕಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟ್‌ಗೆ ಹೋಗಬೇಕು. ಮೊದಲ ಫಲಕದ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇನೆ: ‘ಇಂಡಿಯಾಸ್ ಎನರ್ಜಿ ಟ್ರಾನ್ಸಿಷನ್’. ಅಂದರೆ ಕಲ್ಲಿದ್ದಲಿನಂಥವನ್ನು ಬಿಡುತ್ತಾ ಬಿಸಿಲು, ಗಾಳಿಯಂಥವುಗಳ ಕಡೆ ಹೋಗುವುದು. ‘ಇಂಧನ ಪರಿವರ್ತನೆ’ ಅಂದರೆ ಸರಿಯಾಗುತ್ತಾ? ‘ಸ್ಥಿತ್ಯಂತರ’ ಬೇಡ, ಶಾಲೆ ಮಕ್ಕಳೂ ಓದಬೇಕು. ಅದರ ಕೆಳಗಿನ ಸಾಲು ಹೀಗಿದೆ: ‘2025ರಲ್ಲಿ ಭಾರತದ ಅರ್ಧದಷ್ಟು ವಿದ್ಯುತ್ ಪಳೆಯುಳಿಕೇತರ ಮೂಲಗಳದ್ದು.’ ‘ಪಳೆಯುಳಿಕೇತರ’ ಅಂದರೆ ಕಲ್ಲಿದ್ದಲು, ಎಣ್ಣೆ, ಅನಿಲ ಅಲ್ಲದ್ದು. ಈ ಸಾಲನ್ನೂ ಒಮ್ಮೆ ನೋಡಿ.

---

‘ಪಳೆಯುಳಿಕೇತರ’ ಅರಿಸಮಾಸ. ಹೊಡೆದುಹಾಕಿ.

ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದ ಸಮಾಸ ಅದು, ವ್ಯಾಕರಣ ಒಪ್ಪುವುದಿಲ್ಲ. ‘ಇಂಧನ’ವೂ ತಪ್ಪು. ‘ಇಂಧ್’ ಧಾತುವಿಗೆ ಹೊತ್ತಿಸು ಅಂತ ಅರ್ಥ. ಸೌದೆ ಇಂಧನ, ಕಲ್ಲಿದ್ದಲು ಇಂಧನ, ಡೀಸೆಲ್ ಇಂಧನ. ಬಿಸಿಲನ್ನು ಯಾರು ಒಲೆಗೆ ಹಾಕುತ್ತಾರೆ? ಪತ್ರಿಕೆಗಳಲ್ಲಿ ‘ಸೌರ ಇಂಧನ’ ಓದಿ ಓದಿ ಬೇಸರವಾಗಿದೆ. ‘ಶಕ್ತಿ’ ಅನ್ನಿ, ಮುಗೀತು.

---

> ‘ಪಳೆಯುಳಿಕೇತರ’ ಅರಿಸಮಾಸ. ಹೊಡೆದುಹಾಕಿ.

‘ಕನ್ನಡೇತರ’ ಅಂತ ದಿನಾ ಬರೆಯುತ್ತೀರಲ್ಲ ಸರ್, ಅದನ್ನೂ ಹೊಡೆದುಹಾಕುತ್ತೀರಾ? ‘ಮಳೆಗಾಲ’ವನ್ನು? ಹಳೆಯ ವ್ಯಾಕರಣಕಾರರೇ ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾರೆ.

ಇಂಧನದ ಧಾತು ಸರಿ, ತೀರ್ಮಾನ ಸರಿಯಲ್ಲ. ಸಂಸ್ಕೃತದಲ್ಲಿ ‘ವಿದ್ಯುತ್’ ಅಂದರೆ ಮಿಂಚು. ಹಾಗಂತ ಮನೆಯ ವೈರಿನಲ್ಲಿ ಮಿಂಚು ಹರಿಯುತ್ತದಾ? ನಮ್ಮ ಸರ್ಕಾರದಲ್ಲಿ ಜಲವಿದ್ಯುತ್ತೂ ‘ಇಂಧನ ಇಲಾಖೆ’ಯ ಕೆಳಗೇ ಬರುತ್ತದೆ. ನೀರನ್ನೂ ಯಾರೂ ಉರಿಸುವುದಿಲ್ಲ.

ನನ್ನ ತಕರಾರು ‘ಪರಿವರ್ತನೆ’ಯ ಮೇಲೆ. ಈ ವಿಷಯದಲ್ಲಿ ಆ ಪದಕ್ಕೆ ಬೇರೆ ಕೆಲಸ ಆಗಲೇ ಇದೆ. ಸೋಲಾರ್ ಪ್ಲೇಟ್ ಬಿಸಿಲಿನಿಂದ ಡಿಸಿ ಕರೆಂಟ್ (ಒಂದೇ ದಿಕ್ಕಿಗೆ ಹರಿಯುವುದು) ಮಾಡುತ್ತದೆ, ಇನ್ವರ್ಟರ್ ಆ ಡಿಸಿಯನ್ನು ಮನೆಗಳಲ್ಲಿ ಬಳಸುವ ಎಸಿ ಮಾಡುತ್ತದೆ. ಪಾಠದಲ್ಲಿ ಮಕ್ಕಳು ‘ಶಕ್ತಿ ಪರಿವರ್ತನೆ’ ಅಂತ ಕಲಿಯುವುದು ಇದನ್ನೇ. ನಿಮ್ಮ ತಲೆಬರಹ ನೋಡಿದರೆ ಇನ್ವರ್ಟರಿನ ಪಾಠ ಅಂದುಕೊಳ್ಳುತ್ತಾರೆ.

‘ಸಂಕ್ರಮಣ’ ಹಾಕಿ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವುದಕ್ಕೆ ನಾವು ಹೇಳುವ ಮಾತೇ ಅದು. ‘ಸಂಕ್ರಮಣ ಕಾಲ’ ಅನ್ನುವುದೂ ಬಳಕೆಯಲ್ಲಿದೆ. ಇದಕ್ಕಿಂತ ಹೊಂದುವ ಪದ ಸಿಗಲ್ಲ.

---

ಇಂಧನ ಬಿಟ್ಟರೆ ಶಕ್ತಿ, ಪರಿವರ್ತನೆ ಬಿಟ್ಟರೆ ಸಂಕ್ರಮಣ. ಎಲ್ಲವೂ ಸಂಸ್ಕೃತವೇ. ‘ಸೋಲಾರ್’ ಬೇಡ ‘ಸೌರ’ ಬೇಕು ಅನ್ನುವವರಿಗೂ ಹೇಳುತ್ತೇನೆ: ಲ್ಯಾಟಿನ್ನಿನ ‘ಸೋಲ್’, ಸಂಸ್ಕೃತದ ‘ಸೂರ್ಯ’ ಒಂದೇ ಬೇರಿನವು. ನಮಗೆ ಎರಡೂ ಸಾಲವೇ. ಕನ್ನಡದ್ದು ‘ನೇಸರು’. ತಮಿಳಿನ ‘ಞಾಯಿರು’ ಅದರ ಒಡಹುಟ್ಟು. ‘ನೇಸರ ಕಸುವಿನೆಡೆಗೆ ಭಾರತ’ ಅಂತ ಬರೆಯಿರಿ. ಬಳಸದೇ ಇದ್ದರೆ ಯಾವ ಪದವೂ ಬಾಯಿಗೆ ಬರುವುದಿಲ್ಲ.

---

ನೇಸರು ಚೆಂದದ ಪದ. ಫಲಕಕ್ಕೆ ಬೇಡ.

ಪಾವಗಡದ ಕಡೆ ಐದು ಊರುಗಳ ರೈತರು ಸುಮಾರು 13,000 ಎಕರೆಯನ್ನು ಸೋಲಾರ್ ವಿದ್ಯುತ್ತಿಗಾಗಿ ಗುತ್ತಿಗೆಗೆ ಕೊಟ್ಟಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಅಲ್ಲಿ ಎದ್ದಿರುವುದಕ್ಕೆ ‘ಶಕ್ತಿಸ್ಥಳ’ ಅಂತ ಒಳ್ಳೆಯ ಹೆಸರೇ ಇಟ್ಟರು. ಜನರ ಬಾಯಲ್ಲಿ ಅದು ಸೋಲಾರ್ ಪಾರ್ಕ್. ಜಮೀನು ಕೊಟ್ಟವರ ಮಾತನ್ನು ಫಲಕದಿಂದ ಹೊರಗಿಡುವುದು ನ್ಯಾಯವಲ್ಲ.

‘ಸಂಕ್ರಮಣ’ಕ್ಕೂ ನನ್ನ ವಿರೋಧ ಇದೆ. ಸಂಕ್ರಮಣ ಅಂದರೆ ಸೂರ್ಯ ದಾಟಿಯಾಯಿತು ಅಂತ. ನಾವು ದಾಟಿಲ್ಲ. ಮೇಡಂ, ನಿಮ್ಮ ಎರಡನೇ ಸಾಲಿನ ತೊಂದರೆಯೂ ಇದೇ. 2025ರ ಜೂನ್ ಹೊತ್ತಿಗೆ ಅರ್ಧ ಆದದ್ದು ಸ್ಥಾಪಿತ ಸಾಮರ್ಥ್ಯ, ಅಂದರೆ ಸ್ಥಾವರಗಳು ಹೆಚ್ಚೆಂದರೆ ಎಷ್ಟು ಕೊಡಬಲ್ಲವು ಅನ್ನುವ ಲೆಕ್ಕ. ವಿದ್ಯುತ್ ಅಲ್ಲ. ಆ ಅರ್ಧದಲ್ಲಿ ಸೋಲಾರ್ ಜೊತೆಗೆ ಗಾಳಿ, ದೊಡ್ಡ ಅಣೆಕಟ್ಟು, ಅಣುಸ್ಥಾವರ ಎಲ್ಲ ಸೇರಿವೆ. ನಿಜವಾಗಿ ತಯಾರಾಗುವ ಕರೆಂಟಿನಲ್ಲಿ 2024ರಲ್ಲೂ ಹತ್ತಿರಹತ್ತಿರ ಮುಕ್ಕಾಲು ಪಾಲು ಕಲ್ಲಿದ್ದಲಿನದು. ಪಾವಗಡದ ಪಾರ್ಕ್ 2,050 ಮೆಗಾವಾಟಿನದು ಅಂದರೆ ಒಳ್ಳೆ ಬಿಸಿಲಿದ್ದಾಗ ಅಷ್ಟು ಕೊಡಬಲ್ಲದು ಅಂತ. ಸಂಜೆ ಏಳಕ್ಕೆ, ಎಲ್ಲರ ಮನೆಯಲ್ಲೂ ಲೈಟ್ ಹಾಕುವ ಹೊತ್ತಿಗೆ, ಅದು ಸೊನ್ನೆ. ಕಲ್ಲಿದ್ದಲು ಸ್ಥಾವರ ರಾತ್ರಿಯೂ ಓಡುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವನ್ನು ‘ಅರ್ಧದಷ್ಟು ವಿದ್ಯುತ್’ ಅನ್ನುವ ಎರಡು ಪದ ನುಂಗಿಹಾಕುತ್ತವೆ. ಅರಿಸಮಾಸಕ್ಕಿಂತ ದೊಡ್ಡ ತಪ್ಪು ಇದು. ಮಕ್ಕಳು ಇದನ್ನೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗುತ್ತಾರೆ.

ಆಗಿರುವ ಕೆಲಸ ಕಮ್ಮಿ ಅಂತ ಹೇಳುತ್ತಿಲ್ಲ. 2010ರಲ್ಲಿ ಕೇಂದ್ರ ಸರ್ಕಾರದ ಸೋಲಾರ್ ಮಿಷನ್ ಶುರುವಾದಾಗ 2022ಕ್ಕೆ 20 ಗಿಗಾವಾಟ್ (20,000 ಮೆಗಾವಾಟ್) ಗುರಿ ಇತ್ತು. 2015ರಲ್ಲಿ ಅದನ್ನೇ 100 ಮಾಡಿದರು. ತಡವಾಯಿತು, ಆದರೂ 2025ರ ಜನವರಿಯಲ್ಲಿ 100 ದಾಟಿತು. ಇಂಥ ಕೆಲಸಕ್ಕೆ ಉತ್ಪ್ರೇಕ್ಷೆಯ ಸಾಲು ಯಾಕೆ ಬೇಕು?

‘ಟ್ರಾನ್ಸಿಷನ್’ಗೆ ನಾಮಪದವನ್ನೇ ಹುಡುಕಬೇಡಿ. ಒಂದರಿಂದ ಇನ್ನೊಂದರ ಕಡೆ ಹೋಗುವುದನ್ನು ನಮ್ಮ ‘ಇಂದ’, ‘ಅತ್ತ’ ಸುಮ್ನೆ ಹೇಳಿಬಿಡುತ್ತವೆ. ‘ಕಲ್ಲಿದ್ದಲಿನಿಂದ ಬಿಸಿಲಿನತ್ತ’. ‘ಬಿಸಿಲಿಗೆ’ ಬೇಡ, ತಲುಪಿಬಿಟ್ಟಂತೆ ಕೇಳಿಸುತ್ತದೆ. ‘ಅತ್ತ’ ಅಂದರೆ ಇನ್ನೂ ನಡೆಯುತ್ತಿದ್ದೇವೆ ಅಂತ.

---

ಸೋಲಾರ್, ಪ್ಲೇಟ್, ಇನ್ವರ್ಟರ್, ಗ್ರಿಡ್ ಎಲ್ಲವನ್ನೂ ಹಾಗೇ ಬಿಟ್ಟರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಇದಕ್ಕೆ ಅನುವಾದ ಅನ್ನುತ್ತೀರಾ?

---

‘ಕರೆಂಟ್ ಹೋಯ್ತು’, ‘ಕರೆಂಟ್ ಹೊಡೀತು’. ಇಂಗ್ಲಿಷಿನಲ್ಲಿ ಯಾರೂ ಹೀಗನ್ನುವುದಿಲ್ಲ. ಪದ ಹೊರಗಿನದು, ಮಾತು ನಮ್ಮದೇ. ‘ಗ್ರಿಡ್’ಗೆ ‘ಜಾಲ’ ಅಂದುನೋಡಿ. ಯಾವ ಜಾಲ ಅಂತ ಕೇಳುತ್ತಾರೆ. ‘ವಿದ್ಯುತ್ ಜಾಲ’ ಅಂತ ಬಿಡಿಸಿ ಹೇಳಬೇಕಾಗುತ್ತದೆ, ಅಷ್ಟರಲ್ಲಿ ಫಲಕದ ಜಾಗ ಮುಗಿದಿರುತ್ತದೆ.

---

ಎಲ್ಲರಿಗೂ ಧನ್ಯವಾದ. ತಲೆಬರಹ ಹೀಗೆ ಕಳಿಸುತ್ತೇನೆ: ‘ಕಲ್ಲಿದ್ದಲಿನಿಂದ ಬಿಸಿಲಿನತ್ತ’.

ಕೆಳಗಿನ ಸಾಲು: ‘2025ರ ಜೂನ್ ಹೊತ್ತಿಗೆ ಭಾರತದ ವಿದ್ಯುತ್ ಸ್ಥಾವರಗಳ ಒಟ್ಟು ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಎಣ್ಣೆ, ಅನಿಲ ಸುಡದ ಸ್ಥಾವರಗಳದ್ದು. ತಯಾರಾಗುವ ವಿದ್ಯುತ್ತಿನಲ್ಲಿ ಮಾತ್ರ ಕಲ್ಲಿದ್ದಲಿನ ಪಾಲೇ ಈಗಲೂ ಜಾಸ್ತಿ.’

ಪಳೆಯುಳಿಕೇತರ ಬೇಕಾಗಲೇ ಇಲ್ಲ. ಎರಡನೇ ಫಲಕದಲ್ಲಿ ‘ರಿನ್ಯೂವಬಲ್’ಗೆ ‘ಮರುಬಳಕೆ ಇಂಧನ’ ಅಂತ ಬರೆದುಕೊಟ್ಟಿದ್ದಾರೆ. ಒಮ್ಮೆ ಬಳಸಿದ ಬಿಸಿಲನ್ನು ಮತ್ತೆ ಬಳಸುವುದಿಲ್ಲವಲ್ಲ, ಹಾಗಾಗಿ ಅದನ್ನು ‘ನವೀಕರಿಸಬಹುದಾದ’ ಅಂತ ತಿದ್ದುತ್ತಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಬೆಳಗ್ಗೆ ಹನ್ನೊಂದರೊಳಗೆ ತಿಳಿಸಿ.