ಕಾಲೇಜು ಸಾಫ್ಟ್‌ಬಾಲ್ ಟೂರ್ನಿಯಲ್ಲಿ ತಂಡದ ದಾಖಲೆ ಬರೆಯೋದು ಹೇಗೆ? ಒಟ್ಟು ರನ್ನಾ, ಸರಾಸರಿನಾ?

ಪಿ.ಇ. ಮೇಡಂ, ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ಒಂದು ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನೋಡಿಕೊಳ್ತೇನೆ. ಹುಡುಗಿಯರ ಸಾಫ್ಟ್‌ಬಾಲ್ (ಬೇಸ್‌ಬಾಲ್ ಥರದ್ದೇ ಆಟ, 7 ಇನ್ನಿಂಗ್ಸಿನದ್ದು) ತಂಡವನ್ನ ಪ್ರತಿ ವರ್ಷ ಅಂತರ ಕಾಲೇಜು ಟೂರ್ನಿಗೆ ಕರ್ಕೊಂಡು ಹೋಗ್ತೇನೆ. ಮಳೆ ಹಿಡಿದ ಮೇಲೆ ಗ್ರೌಂಡಿಗೆ ಇಳಿಯೋ ಹಾಗಿಲ್ಲ. ಹಾಗಾಗಿ ಜೂನ್‌ನಲ್ಲಿ ಮಕ್ಕಳನ್ನ ಒಳಗೆ ಕೂರಿಸಿ ಅಮೆರಿಕದ ಕಾಲೇಜು ಸಾಫ್ಟ್‌ಬಾಲ್‌ನ ಕೊನೇ ಹಂತವಾದ ವಿಮೆನ್ಸ್ ಕಾಲೇಜ್ ವರ್ಲ್ಡ್ ಸೀರೀಸ್ ಪಂದ್ಯಗಳನ್ನ ತೋರಿಸ್ತೇನೆ.

ಈಗ ತಂಡದಲ್ಲಿ ಎರಡು ಪಕ್ಷ ಆಗಿದೆ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯ ಯುಸಿಎಲ್‌ಎ 12 ಸಲ ಎನ್‌ಸಿಎಎ (ಅಲ್ಲಿಯ ಕಾಲೇಜು ಕ್ರೀಡಾ ಸಂಸ್ಥೆ) ಪ್ರಶಸ್ತಿ ಗೆದ್ದಿದೆ, ಅದೇ ದೊಡ್ಡ ತಂಡ ಅಂತ ಒಂದು ಪಕ್ಷ. ಒಕ್ಲಹೋಮಾ 8 ಗೆದ್ದಿದ್ದರೂ 2021ರಿಂದ 2024ರವರೆಗೆ ಸತತ ನಾಲ್ಕು ಗೆದ್ದವರು ಬೇರೆ ಯಾರಿದ್ದಾರೆ ಅಂತ ಇನ್ನೊಂದು ಪಕ್ಷ.

ನನಗೆ ಇದರ ಹಿಂದೆ ಇನ್ನೊಂದು ಕೆಲಸ ಇದೆ. ನಮ್ಮ ತಂಡದ್ದೇ ಒಂದು ದಾಖಲೆ ಪುಸ್ತಕ ಮಾಡಬೇಕು. ಹಳೇ ಸ್ಕೋರ್ ಶೀಟ್‌ಗಳೆಲ್ಲ ಬೀರುವಿನಲ್ಲಿವೆ. ನಮ್ಮದು ನಾಕೌಟ್ ಟೂರ್ನಿ. ಕೆಲವು ವರ್ಷ ಫೈನಲ್ ಆಡಿದ್ದೇವೆ, ಕೆಲವು ವರ್ಷ ಮೊದಲ ಪಂದ್ಯ ಸೋತು ಮಧ್ಯಾಹ್ನದ ಬಸ್ಸಿಗೇ ವಾಪಸ್. ‘ಒಂದು ಟೂರ್ನಿಯಲ್ಲಿ ಅತಿ ಹೆಚ್ಚು ರನ್’ ಅಂತ ಬರೆದರೆ ಹೆಚ್ಚು ಪಂದ್ಯ ಆಡಿದ ತಂಡದ ಹೆಸರೇ ಎಲ್ಲ ಕಡೆ ಬಂದು ಕೂರುತ್ತೆ. ಸರಾಸರಿ ಬರೆದರೆ, ಒಂದೇ ಪಂದ್ಯದಲ್ಲಿ 12 ರನ್ ಹೊಡೆದು 13 ಕೊಟ್ಟು ಸೋತ ತಂಡ ಮೇಲೆ ಬರುತ್ತೆ. ಅಲ್ಲಿಯವರು ಇದನ್ನ ಹೇಗೆ ನಿಭಾಯಿಸ್ತಾರೆ? ಸ್ಕೋರಿಂಗ್ ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ.

ಸಾಗರದ ಹುಡುಗ:

ಮೇಡಂ, ನನ್ನ ಓಟು ಒಕ್ಲಹೋಮಾಗೆ. 2023ರಲ್ಲಿ 61 ಗೆಲುವು, 1 ಸೋಲು. ಆ ಒಂದು ಸೋಲೂ ಫೆಬ್ರವರಿಯಲ್ಲಿ ಬೇಲರ್ ವಿರುದ್ಧ. ಆಮೇಲೆ ಶುರುವಾದ ಗೆಲುವಿನ ಸರಣಿ 71 ಪಂದ್ಯಕ್ಕೆ ಹೋಗಿ 2024ರ ಮಾರ್ಚ್‌ನಲ್ಲಿ ಲೂಸಿಯಾನ ವಿರುದ್ಧ ನಿಂತಿತು. ಅದಕ್ಕೆ ಮುಂಚಿನ ದಾಖಲೆ ಅರಿಜೋನಾದ್ದು, 47. ಅಲ್ಲಿ ಸಂಜೆ 7ಕ್ಕೆ ಪಂದ್ಯ ಅಂದ್ರೆ ನಮಗೆ ಬೆಳಿಗ್ಗೆ 5.30. ಮನೆಯಲ್ಲಿ ಎಲ್ಲರೂ ಮಲಗಿರುವಾಗ ಮೊಬೈಲಿನಲ್ಲಿ ನೋಡ್ತಿದ್ದೆ. ಆ ವರ್ಷ ಆ ತಂಡ ಸೋಲಬಹುದು ಅಂತ ಒಂದು ಸಲವೂ ಅನಿಸಲಿಲ್ಲ.

ತೀರ್ಥಹಳ್ಳಿ ಕ್ಯಾಚರ್:

ಮೇಡಂ, ನೀವು ಕೇಳಿರೋದು ಬಹಳ ಮುಖ್ಯವಾದ ಪ್ರಶ್ನೆ. ನಾನು ವಿಶ್ವವಿದ್ಯಾಲಯದ ತಂಡದಲ್ಲಿ ಕ್ಯಾಚರ್ (ಬ್ಯಾಟುಗಾರ್ತಿ ಹಿಂದೆ ಕೂತು ಬಾಲು ಹಿಡಿಯೋಳು) ಆಗಿದ್ದೆ. ಈಗ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯೋ ಕೆಲಸ, ರಜೆ ದಿನ ಟೂರ್ನಿಗಳಿಗೆ ಸ್ಕೋರರ್ ಆಗಿ ಹೋಗ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ಅಲ್ಲಿಯ ಟೂರ್ನಿಯ ನಡೆ ತಿಳ್ಕೊಳ್ಬೇಕು. ಶುರುವಿನಲ್ಲಿ 64 ತಂಡ. ಅದರಲ್ಲಿ ಉಳಿದ 8 ತಂಡ ಒಕ್ಲಹೋಮಾ ಸಿಟಿಗೆ ಬರುತ್ವೆ. ಅಲ್ಲಿ ನಾಲ್ಕು ನಾಲ್ಕು ತಂಡದ ಎರಡು ಗುಂಪು. ಒಂದು ಸೋಲಿಗೆ ಮನೆಗೆ ಕಳಿಸಲ್ಲ, ಎರಡನೇ ಸೋಲಿಗೆ ಆಟ ಮುಗೀತು. ಗುಂಪು ಗೆದ್ದ ಎರಡು ತಂಡಕ್ಕೆ ಮೂರು ಪಂದ್ಯದ ಫೈನಲ್, ಎರಡು ಗೆದ್ದವರಿಗೆ ಕಪ್. ಈ ಮೂರು ಪಂದ್ಯದ ಫೈನಲ್ 2005ರಿಂದ ಇದೆ. ಅಂದ್ರೆ ಚಾಂಪಿಯನ್ ತಂಡ ಕಡಿಮೆ ಅಂದ್ರೆ 5 ಪಂದ್ಯ ಆಡುತ್ತೆ, ಹೆಚ್ಚು ಅಂದ್ರೆ 8. ಎಲ್ಲ ತೊಡಕೂ ಇಲ್ಲೇ ಇರೋದು.

ಈಗ ಒಕ್ಲಹೋಮಾದ ಮೂರು ವರ್ಷ ತಗೊಳ್ಳಿ. ಮೂರೂ ವರ್ಷ ಕಪ್ ಅವರದ್ದೇ, ಕೋಚ್ ಪ್ಯಾಟಿ ಗ್ಯಾಸೊ ಅವರೇ.

2021ರಲ್ಲಿ ಮೊದಲ ಪಂದ್ಯವೇ ಜೇಮ್ಸ್ ಮ್ಯಾಡಿಸನ್ ಎದುರು 4-3ಕ್ಕೆ ಸೋಲು. ಮುಂದೆ ಒಂದು ಸೋತರೂ ಮನೆ ಅನ್ನೋ ಸ್ಥಿತಿಯಲ್ಲಿ ಜಾರ್ಜಿಯಾ, ಯುಸಿಎಲ್‌ಎ ಎರಡನ್ನೂ ದಾಟಿ, ಅದೇ ಜೇಮ್ಸ್ ಮ್ಯಾಡಿಸನ್ನನ್ನ ಎರಡು ಸಲ ಸೋಲಿಸಿ ಫೈನಲ್‌ಗೆ ಬಂತು. ಫೈನಲ್‌ನಲ್ಲೂ ಫ್ಲೋರಿಡಾ ಸ್ಟೇಟ್‌ಗೆ ಮೊದಲ ಪಂದ್ಯ 8-4ಕ್ಕೆ ಬಿಟ್ಟುಕೊಟ್ಟು ಮಿಕ್ಕಿದ್ದೆರಡು ಗೆದ್ದಿತು. ಒಟ್ಟು 8 ಪಂದ್ಯ, ಹೊಡೆದದ್ದು 49 ರನ್, ಕೊಟ್ಟದ್ದು 22.

2022ರಲ್ಲಿ 6 ಪಂದ್ಯ. ನಾರ್ತ್‌ವೆಸ್ಟರ್ನ್ ಮೇಲೆ 13-2, ಟೆಕ್ಸಸ್ ಮೇಲೆ 7-2, ಯುಸಿಎಲ್‌ಎಗೆ 7-3ಕ್ಕೆ ಸೋಲು, ಅದೇ ದಿನ ಅದೇ ಯುಸಿಎಲ್‌ಎ ಮೇಲೆ 15-0, ಫೈನಲ್‌ನಲ್ಲಿ ಟೆಕ್ಸಸ್ ಮೇಲೆ 16-1 ಮತ್ತು 10-5. ಕೂಡಿಸಿ ನೋಡಿ: 64 ರನ್ ಹೊಡೆದು 17 ಕೊಟ್ಟಿದ್ದಾರೆ. ಜೋಸ್ಲಿನ್ ಆಲೋ ಆಡಿದ ಕೊನೇ ವರ್ಷ ಅದು. ಕಾಲೇಜು ಆಟದಲ್ಲಿ 122 ಹೋಂ ರನ್ (ಬೇಲಿ ದಾಟಿಸೋ ಹೊಡೆತ) ಹೊಡೆದು ಮುಗಿಸಿದ ಹುಡುಗಿ ಆಕೆ.

2023ರಲ್ಲಿ, ನಮ್ಮ ಸಾಗರದ ತಮ್ಮ ಹೇಳಿದ 61-1ರ ವರ್ಷ, ಬರೀ 5 ಪಂದ್ಯ. 2-0, 9-0, 4-2, 5-0, 3-1. ಹೊಡೆದದ್ದು 23 ರನ್, ಕೊಟ್ಟದ್ದು 3.

ಈಗ ನೀವು ‘ಒಟ್ಟು ರನ್’ ಅಂತ ಒಂದೇ ಕಾಲಂ ಇಟ್ಟರೆ 61-1ರ ತಂಡ ಈ ಮೂರರಲ್ಲಿ ಕೊನೆಗೆ ಬೀಳುತ್ತೆ! ಎರಡು ಸಲ ಸೋತ 2021ರ ತಂಡ ಅದರ ಎರಡರಷ್ಟು ರನ್ ಹೊಡೆದ ಹಾಗೆ ಕಾಣುತ್ತೆ. ಯಾಕಂದ್ರೆ ಸೋತದ್ದಕ್ಕೇ ಅವರಿಗೆ ಮೂರು ಪಂದ್ಯ ಹೆಚ್ಚು ಸಿಕ್ಕಿತು. ಪಂದ್ಯಕ್ಕೆ ಭಾಗಿಸಿದರೆ 2021ಕ್ಕೆ 6.1, 2022ಕ್ಕೆ 10.7, 2023ಕ್ಕೆ 4.6. ಇಷ್ಟಕ್ಕೇ ನಿಲ್ಲಿಸಬೇಡಿ, ಕೊಟ್ಟ ರನ್ನನ್ನೂ ಭಾಗಿಸಿ: 2.75, 2.8, 0.6. ಆ ಕೊನೇ ಅಂಕಿ ನೋಡಿ ಮೇಡಂ. ಐದು ಪಂದ್ಯ, ಅದರಲ್ಲಿ ಮೂರು ಸೊನ್ನೆ, ಒಂದು 9 ಇನ್ನಿಂಗ್ಸ್‌ವರೆಗೆ ಎಳೆದ ಪಂದ್ಯ. ಇಷ್ಟೆಲ್ಲ ಸೇರಿ ಮೂರೇ ರನ್. 2023ರ ತಂಡ ದೊಡ್ಡದಾಗಿದ್ದು ಪಿಚಿಂಗ್ (ಬಾಲು ಎಸೆಯೋದು) ಮತ್ತು ಫೀಲ್ಡಿಂಗ್‌ನಿಂದ. 2022ರದ್ದು ಬ್ಯಾಟಿನಿಂದ. ಎರಡನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾರು ಎತ್ತರ ಅಂತ ಕೇಳಿದರೆ ಇಬ್ಬರಿಗೂ ಅನ್ಯಾಯ.

ಇನ್ನೂ ಒಂದು ಮೆಟ್ಟಿಲು ಕೆಳಗೆ ಇಳಿಯಿರಿ. 5 ಇನ್ನಿಂಗ್ಸ್ ಆದ ಮೇಲೆ 8 ರನ್ ಮುಂದಿದ್ದರೆ ಆಟ ಅಲ್ಲಿಗೇ ಮುಗೀತು ಅನ್ನೋ ನಿಯಮ ಇದೆ. ಯುಸಿಎಲ್‌ಎ ಮೇಲಿನ ಆ 15-0 ಹಾಗೆ 5 ಇನ್ನಿಂಗ್ಸಿಗೇ ಮುಗಿದದ್ದು. ಪೂರ್ತಿ 7 ಆಡಿದ್ದರೆ ಇನ್ನೂ ಎಷ್ಟು ಆಗ್ತಿತ್ತೋ. ಹಾಗಾಗಿ ಪಂದ್ಯಕ್ಕಿಂತ ಇನ್ನಿಂಗ್ಸ್‌ಗೆ ಭಾಗಿಸೋದು ಇನ್ನೂ ನ್ಯಾಯ. ಪಿಚರ್‌ಗೆ ಇದನ್ನ ಮಾಡೇ ಮಾಡ್ತಾರೆ: ಪಿಚರ್ ಲೆಕ್ಕಕ್ಕೆ ಬಂದ ರನ್ (ಫೀಲ್ಡರ್ ತಪ್ಪಿಲ್ಲದೆ ಕೊಟ್ಟದ್ದು) ಇಂಟು 7, ಭಾಗಿಸು ಎಸೆದ ಇನ್ನಿಂಗ್ಸ್. ಬೇಸ್‌ಬಾಲ್‌ನಲ್ಲಿ 9ರಿಂದ ಗುಣಿಸ್ತಾರೆ, ನಮ್ಮ ಆಟಕ್ಕೆ 7.

ನಿಮ್ಮ ಪುಸ್ತಕಕ್ಕೆ ನನ್ನ ಸಲಹೆ ಇಷ್ಟು. ಒಟ್ಟು ರನ್, ಒಟ್ಟು ಹಿಟ್ (ಹೊಡೆದು ಬೇಸ್ ಮುಟ್ಟಿದ್ದು) ಇವಕ್ಕೆ ಒಂದು ಪುಟ ಇರಲಿ, ಪಕ್ಕದಲ್ಲಿ ಎಷ್ಟು ಪಂದ್ಯ ಅಂತ ಕಡ್ಡಾಯವಾಗಿ ಬರೀಬೇಕು. ಸರಾಸರಿಗೆ ಬೇರೆ ಪುಟ, ಆ ಪುಟಕ್ಕೆ ಬರೋಕೆ ಆ ವರ್ಷ ಕನಿಷ್ಠ ಮೂರು ಪಂದ್ಯ ಆಡಿರಬೇಕು ಅಂತ ಇಡಿ. ಆಗ ನಿಮ್ಮ 12-13ರ ತಂಡ ‘ಒಂದೇ ಪಂದ್ಯದ ದಾಖಲೆ’ ಪುಟಕ್ಕೆ ಗೌರವದಿಂದ ಹೋಗುತ್ತೆ. ಸೋತ ಪಂದ್ಯದಲ್ಲಿ 12 ರನ್ ಹೊಡೆದ ಹುಡುಗಿಯರ ಹೆಸರು ಎಲ್ಲಾದರೂ ಒಂದು ಕಡೆ ಇರಲೇಬೇಕು.

ಕೊಪ್ಪದ ಅಂಪೈರ್:

ತೀರ್ಥಹಳ್ಳಿಯವರು ಹೇಳಿದ್ದಕ್ಕೆ ಕಾಲದ ವಿಷಯ ಒಂದು ಸೇರಿಸಬೇಕು. 1982ರಲ್ಲಿ ಎನ್‌ಸಿಎಎ ಮೊದಲ ಫೈನಲ್, ಯುಸಿಎಲ್‌ಎ ಗೆದ್ದದ್ದು 2-0, ಅದೂ 8 ಇನ್ನಿಂಗ್ಸ್. 1984ರಲ್ಲಿ ಇದೇ ಯುಸಿಎಲ್‌ಎ ಟೆಕ್ಸಸ್ ಎ ಅಂಡ್ ಎಂ ಮೇಲೆ 1-0, 13 ಇನ್ನಿಂಗ್ಸ್. ಅದೇ ಯುಸಿಎಲ್‌ಎ 2010ರಲ್ಲಿ ಅರಿಜೋನಾ ವಿರುದ್ಧ ಕಪ್ ಗೆದ್ದ ಪಂದ್ಯದ ಸ್ಕೋರು 15-9. ಅಂದಿನ ಹುಡುಗಿಯರಿಗೆ ಬ್ಯಾಟ್ ಹಿಡಿಯೋಕೆ ಬರ್ತಿರಲಿಲ್ಲ ಅಂತಲ್ಲ. ಆಗ ಪಿಚರ್ 40 ಅಡಿಯಿಂದ ಎಸೀತಿದ್ದಳು, 80ರ ದಶಕದ ಕೊನೆಗೆ ಅದನ್ನ 43 ಅಡಿ ಮಾಡಿದರು. ಬ್ಯಾಟುಗಾರ್ತಿಗೆ ಆ ಮೂರು ಅಡಿ ಅಂದ್ರೆ ಬಾಲು ನೋಡೋಕೆ ಸಿಗುವ ಸಮಯ. ಜೊತೆಗೆ ಬಾಲು, ಬ್ಯಾಟು ಎರಡೂ ಬದಲಾದವು. ಪಿಚಿಂಗ್ ದಾಖಲೆ ಹಳಬರದ್ದು, ಹೋಂ ರನ್ ದಾಖಲೆ ಹೊಸಬರದ್ದು ಆಗಿರೋದು ಹೀಗೆ. ಒಕ್ಲಹೋಮಾ 2021ರ ಇಡೀ ಸೀಸನ್‌ನಲ್ಲಿ 161 ಹೋಂ ರನ್ ಹೊಡೆದರು, ಆ ಹೊತ್ತಿಗೆ ಒಂದು ತಂಡದ ದಾಖಲೆ ಅದು.

ಯುಸಿಎಲ್‌ಎ ಲೆಕ್ಕದಲ್ಲೂ ಒಂದು ಗಂಟು ಇದೆ. 1995ರಲ್ಲೂ ಅವರು ಮೈದಾನದಲ್ಲಿ ಗೆದ್ದಿದ್ದರು. ವಿದ್ಯಾರ್ಥಿವೇತನದ ನಿಯಮ ಮೀರಿದ್ದಕ್ಕೆ ಆ ಪ್ರಶಸ್ತಿಯನ್ನ ಎನ್‌ಸಿಎಎ ರದ್ದು ಮಾಡಿತು. 1978ರಲ್ಲಿ ಗೆದ್ದದ್ದು ಎನ್‌ಸಿಎಎ ಬರುವುದಕ್ಕೂ ಮುಂಚಿನ ಸಂಸ್ಥೆಯ ಟೂರ್ನಿ. ಆದ್ದರಿಂದ ಪುಸ್ತಕದಲ್ಲಿ 12. ಮೇಡಂ, ನಿಮ್ಮಲ್ಲೂ ಪ್ರೊಟೆಸ್ಟ್ ಆಗಿ ಫಲಿತಾಂಶ ಬದಲಾದ ಪಂದ್ಯ ಇದ್ದರೆ ಸಾಲು ಅಳಿಸಬೇಡಿ, ಪಕ್ಕದಲ್ಲಿ ಕಾರಣ ಬರೆಯಿರಿ.

ಸಾಗರದ ಹುಡುಗ:

ಅಕ್ಕ, ನೀವು ಹೇಳಿದ ಭಾಗಾಕಾರ ಒಪ್ಪಿದೆ. ಆದ್ರೂ ಕಪ್ಪಿಗಿಂತ ದೊಡ್ಡ ಅಂಕಿ ಇಲ್ಲ ಅಂತಲೇ ನನ್ನ ವಾದ. 2025ರ ಟೆಕ್ಸಸ್ ನೋಡಿ: 3-0, 4-2, 2-0, ಫೈನಲ್‌ನಲ್ಲಿ ಟೆಕ್ಸಸ್ ಟೆಕ್ ವಿರುದ್ಧ 2-1, 3-4, 10-4. ಆರು ಪಂದ್ಯಕ್ಕೆ 24 ರನ್. 2022ರಲ್ಲಿ ಒಕ್ಲಹೋಮಾ ಎರಡು ಫೈನಲ್ ಪಂದ್ಯದಲ್ಲೇ 26 ಹೊಡೆದಿತ್ತು. ಆದರೂ ಟೆಕ್ಸಸ್‌ನವರಿಗೆ ಅದು ಮೊದಲ ಕಪ್. ಆ ಹುಡುಗಿಯರಿಗೆ ಸರಾಸರಿ ಎಂತಕ್ಕೆ?

ತೀರ್ಥಹಳ್ಳಿ ಕ್ಯಾಚರ್:

ತಮ್ಮಾ, ಕಪ್ಪಿನ ಪುಟ ಮೊದಲ ಪುಟವೇ ಆಗಿರಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೇಡಂ ಕಾಲೇಜಿನಂಥ ತಂಡಗಳು ಕಪ್ ಗೆಲ್ಲೋದು ಯಾವತ್ತೋ ಒಂದು ವರ್ಷ. ಕಪ್ ಒಂದನ್ನೇ ಬರೆದರೆ ಮಿಕ್ಕ ವರ್ಷ ಕೆಸರಿನಲ್ಲಿ ಬಿದ್ದು ಎದ್ದು ಆಡಿದ ಮಕ್ಕಳು ಆಡೇ ಇಲ್ಲ ಅನ್ನೋ ಹಾಗೆ ಆಗುತ್ತೆ. 2025ರ ಟೆಕ್ಸಸ್‌ಗೂ ಇದೇ ಮಾತು. ಆರು ಪಂದ್ಯದಲ್ಲಿ ಕೊಟ್ಟದ್ದು 11 ರನ್ ಅಂತ ಬರೆದಿಟ್ಟರೆ ತಾನೇ, ಅವರು ಗೆದ್ದದ್ದು ಹೇಗೆ ಅಂತ ಮುಂದಿನವರಿಗೆ ಗೊತ್ತಾಗೋದು?

ಪಿ.ಇ. ಮೇಡಂ, ಶಿವಮೊಗ್ಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ನಿನ್ನೆ ಶೀಟ್‌ಗಳನ್ನ ತೆಗೆದು ಟೇಬಲ್ ಮೇಲೆ ಹರಡಿದೆ. ಮೂರು ಅನುಮಾನ ಬಂತು.

ಒಂದು, ಎದುರಾಳಿ ತಂಡ ಬಾರದೆ ವಾಕೋವರ್ ಸಿಕ್ಕಿದ್ದು. ಶೀಟಿನಲ್ಲಿ 7-0 ಅಂತ ಇದೆ. ಆ 7 ರನ್ ಸೇರಿಸಬೇಕಾ? ಎರಡು, ನಮ್ಮ ಗ್ರೌಂಡು ಕೆಂಪು ಗರಸು. ಮಳೆಗೆ ಕೊಚ್ಚಿ ಕಲ್ಲು ಎದ್ದಿರುತ್ತೆ, ಬಾಲು ಎಲ್ಲೆಲ್ಲಿಗೋ ಚಿಮ್ಮುತ್ತೆ. ಎರಡನೇ ಮೂರನೇ ಬೇಸಿನ ನಡುವೆ ನಿಲ್ಲೋ ಶಾರ್ಟ್‌ಸ್ಟಾಪ್ ಹುಡುಗಿಯ ಹೆಸರಿಗೆ ಸಾಲು ಸಾಲು ‘ಇ-6’ (ಅವಳ ಎರರ್, ಅಂದ್ರೆ ಫೀಲ್ಡಿಂಗ್ ತಪ್ಪು) ಬಿದ್ದಿದೆ, ನೋಡೋಕೆ ಸಂಕಟ ಆಗುತ್ತೆ. ಮೂರು, ಟೈ ಆದಾಗ 8ನೇ ಇನ್ನಿಂಗ್ಸಿನಿಂದ ಎರಡನೇ ಬೇಸಿನಲ್ಲಿ ಓಟಗಾರ್ತಿಯನ್ನ ನಿಲ್ಲಿಸಿ ಆಡಿಸ್ತಾರಲ್ಲ, ಆ ರನ್?

ಕೊಪ್ಪದ ಅಂಪೈರ್:

ಮೂರನೆಯದ್ದು ನಾನು ಹೇಳ್ತೇನೆ. ಟೈ-ಬ್ರೇಕರ್‌ನಲ್ಲಿ ಎರಡನೇ ಬೇಸಿನಲ್ಲಿ ನಿಲ್ಲಿಸಿದವಳು ಹೋಮ್‌ಗೆ ಬಂದರೆ ತಂಡಕ್ಕೆ ರನ್ ಹೌದು, ಪಿಚರ್ ಲೆಕ್ಕಕ್ಕೆ ಅಲ್ಲ. ಅವಳು ಬೇಸಿಗೆ ಬಂದದ್ದು ಪಿಚರ್ ತಪ್ಪಿನಿಂದಲ್ಲವಲ್ಲ. 2017ರಲ್ಲಿ ಒಕ್ಲಹೋಮಾ-ಫ್ಲೋರಿಡಾ ಫೈನಲ್‌ನ ಮೊದಲ ಪಂದ್ಯ 17 ಇನ್ನಿಂಗ್ಸ್ ಹೋಗಿ 7-5ಕ್ಕೆ ಮುಗಿದಿತ್ತು. ನಮ್ಮಲ್ಲಿ ಅಷ್ಟು ಹೊತ್ತು ಆಡಿಸಿದರೆ ಬೆಳಕೇ ಇರಲ್ಲ.

ತೀರ್ಥಹಳ್ಳಿ ಕ್ಯಾಚರ್:

ವಾಕೋವರ್ ಗೆಲುವಿನ ಕಾಲಂಗೆ ಹೋಗಲಿ, ‘ವಾ’ ಅಂತ ಗುರುತು ಹಾಕಿ. ರನ್ನಿಗೂ ಸೇರಿಸಬೇಡಿ, ಭಾಗಿಸುವಾಗ ಪಂದ್ಯದ ಎಣಿಕೆಗೂ ಸೇರಿಸಬೇಡಿ. ಯಾರೂ ಬ್ಯಾಟ್ ಎತ್ತದ ರನ್ನು ಅದು.

ಎರರ್ ವಿಷಯ. ಗ್ರೌಂಡಿನ ಕಲ್ಲಿಗೆ ತಾಗಿ ದಿಕ್ಕು ತಪ್ಪಿದ ಬಾಲು ಕೈಗೆ ಸಿಗದಿದ್ದರೆ ಅದು ಎರರ್ ಅಲ್ಲವೇ ಅಲ್ಲ, ಹಿಟ್. ಸಾಧಾರಣ ಪ್ರಯತ್ನದಲ್ಲಿ ಹಿಡಿಯಬಹುದಾದ್ದನ್ನ ಬಿಟ್ಟರೆ ಮಾತ್ರ ಎರರ್. ನಮ್ಮ ಕಡೆ ಸ್ಕೋರರ್‌ಗಳು ಬಿಟ್ಟ ಬಾಲಿಗೆಲ್ಲ ‘ಇ’ ಹಾಕಿಬಿಡ್ತಾರೆ. ಅದರಿಂದ ಎರಡು ಕಡೆ ಏಟು: ಶಾರ್ಟ್‌ಸ್ಟಾಪ್ ಹುಡುಗಿ ಕೆಟ್ಟವಳಾಗ್ತಾಳೆ, ಎದುರು ತಂಡದವಳ ಹಿಟ್ ಹೋಗುತ್ತೆ. ಮೇಲಾಗಿ ಎರರ್‌ನಿಂದ ಬಂದ ರನ್ ಪಿಚರ್ ಲೆಕ್ಕಕ್ಕೆ ಬರಲ್ಲ. 9 ರನ್ ಕೊಟ್ಟ ಪಂದ್ಯದಲ್ಲಿ 6 ಎರರ್‌ನಿಂದ ಅಂತ ಬರೆದರೆ 7 ಇನ್ನಿಂಗ್ಸಿಗೆ ಪಿಚರ್ ಸರಾಸರಿ ಬರೀ 3. ಹಾಗಾಗಿ ಮಲೆನಾಡಿನ ಗ್ರೌಂಡುಗಳ ದಾಖಲೆಯಲ್ಲಿ ಪಿಚರ್ ಸರಾಸರಿಗಿಂತ ‘ತಂಡ ಕೊಟ್ಟ ರನ್’ ಕಾಲಂ ಅನ್ನೇ ಹೆಚ್ಚು ನಂಬಿ. ಅದನ್ನ ಯಾರ ಅಭಿಪ್ರಾಯವೂ ಬದಲಿಸೋಕಾಗಲ್ಲ. ಹಳೇ ಶೀಟಿನ ‘ಇ’ಗಳನ್ನ ಈಗ ತಿದ್ದೋಕೆ ಹೋಗಬೇಡಿ, ಪಂದ್ಯ ನೋಡಿದವರು ಬರೆದದ್ದು ಹಾಗೇ ಇರಲಿ. ಮುಂದಿನ ಟೂರ್ನಿಯಿಂದ ಸ್ಕೋರರ್‌ಗೆ ಮೊದಲೇ ಹೇಳಿ.

ಪಿ.ಇ. ಮೇಡಂ, ಶಿವಮೊಗ್ಗ:

ಕೊನೇ ಪ್ರಶ್ನೆ, ಇದು ನಿಮಗೇ ಕೇಳ್ಬೇಕು. ಕೆಲವು ಶೀಟಿನಲ್ಲಿ ಕ್ಯಾಚರ್ ಹಿಂದೆ ಹೋದ ಬಾಲಿಗೆಲ್ಲ ಬರೀ ಒಂದು ಬಾಣದ ಗುರುತು ಇದೆ. ಪಾಸ್ಡ್ ಬಾಲಾ, ವೈಲ್ಡ್ ಪಿಚ್ಚಾ ಗೊತ್ತಾಗ್ತಿಲ್ಲ. ಆ ಓಟಗಾರ್ತಿ ರನ್ ಮಾಡಿದ್ದಾಳೆ.

ತೀರ್ಥಹಳ್ಳಿ ಕ್ಯಾಚರ್:

ಬಾಲು ಕ್ಯಾಚರ್‌ಗೆ ಬರುವ ಮುಂಚೆ ನೆಲಕ್ಕೆ ತಾಗಿದ್ದರೆ ವೈಲ್ಡ್ ಪಿಚ್, ರನ್ ಪಿಚರ್ ಲೆಕ್ಕಕ್ಕೆ. ಸುಲಭವಾಗಿ ಹಿಡಿಯೋ ಬಾಲು ಕೈ ತಪ್ಪಿದ್ದರೆ ಪಾಸ್ಡ್ ಬಾಲ್, ಆಗ ಪಿಚರ್ ಲೆಕ್ಕಕ್ಕೆ ಬರಲ್ಲ. ಬಾಣ ಮಾತ್ರ ಇದ್ದರೆ ಯಾವ ಹುಡುಗಿಯ ತಲೆಗೂ ಕಟ್ಟಬೇಡಿ ಮೇಡಂ. ‘ತಂಡ ಕೊಟ್ಟ ರನ್’ಗೆ ಸೇರಿಸಿ, ಆ ಪಂದ್ಯದ ಪಿಚರ್ ಸರಾಸರಿ ಜಾಗದಲ್ಲಿ ಗೆರೆ ಎಳೆದುಬಿಡಿ. ಮತ್ತೆ ಆ ಶೀಟ್‌ಗಳು ಪೆನ್ಸಿಲಿನಲ್ಲಿದ್ದರೆ ಈ ಮಳೆಗಾಲದ ತಂಡಿ ಹಿಡಿಯುವ ಮುಂಚೆ ಫೋಟೋ ತೆಗೆದಿಟ್ಕೊಳ್ಳಿ, ಎರಡೂ ತಂಡದ ಪುಟ ಸೇರಿಸಿ.